ಸ್ಮೃತಿಯ ಪರಿಚಾರಕರು

ಸಂತೆಯಲ್ಲಿ ಬೆಲ್ಲ ಕೊಳ್ಳುವವನು ತಕ್ಕಡಿಯ ಮುಳ್ಳನ್ನು ನೋಡುತ್ತಾನೆ. ಬೆಲ್ಲದ ಬಣ್ಣವನ್ನು ನೋಡುತ್ತಾನೆ. ಚೂರು ಮುರಿದು ಬಾಯಿಗೆ ಹಾಕಿಕೊಂಡು ರುಚಿಯನ್ನೂ ನೋಡುತ್ತಾನೆ. ಆದರೆ ತಕ್ಕಡಿಯ ಮತ್ತೊಂದು ತಟ್ಟೆಯಲ್ಲಿ ಕುಳಿತಿರುವ ಕಬ್ಬಿಣದ ತೂಕದ ಕಲ್ಲನ್ನು ಕೈಗೆತ್ತಿಕೊಂಡು ಪರೀಕ್ಷಿಸುವವರು ವಿರಳ. ಅದು ಸರಿಯಾಗಿಯೇ ಇದೆಯೆಂಬ ನಂಬಿಕೆಯ ಮೇಲೆ ಇಡೀ ಸಂತೆ ನಡೆಯುತ್ತದೆ. ಬೆಲ್ಲದ ಒಂದು ಅಚ್ಚು ಕೆಟ್ಟಿದ್ದರೆ ಅದನ್ನು ಕೊಂಡವನೊಬ್ಬನಿಗೆ ನಷ್ಟ; ಕಲ್ಲಿನಲ್ಲಿ ಕೊರತೆಯಿದ್ದರೆ ಆ ಅಂಗಡಿಯಲ್ಲಿ ಕೊಂಡವರೆಲ್ಲರಿಗೂ ನಷ್ಟ. ಸರ್ಕಾರದ ಅಧಿಕಾರಿಗಳು ತೂಕದ ಕಲ್ಲುಗಳನ್ನು ನಿಯತಕಾಲಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಒತ್ತುವುದು ಈ ಕಾರಣದಿಂದಲೇ.

ಗಣಕಯಂತ್ರದ ಲೋಕದಲ್ಲಿಯೂ ಇಂತಹ ತೂಕದ ಕಲ್ಲುಗಳಿವೆ. ಅವು ಗಾತ್ರದಲ್ಲಿ ಅತ್ಯಲ್ಪ, ಕೆಲಸದಲ್ಲಿ ಅತಿ ಸಾಮಾನ್ಯ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟು, ಕೈಯಲ್ಲಿ ಹಿಡಿದ ದೂರವಾಣಿಯ ಪರದೆಯ ಮೇಲಿನ ಚಿತ್ರ, ಇವೆಲ್ಲವುಗಳ ತಳದಲ್ಲಿ ಅವೇ ಕ್ಷಣವೊಂದಕ್ಕೆ ಲೆಕ್ಕವಿಲ್ಲದಷ್ಟು ಸಲ ದುಡಿಯುತ್ತಿರುತ್ತವೆ. ಅವುಗಳನ್ನು ಪರೀಕ್ಷಿಸುವುದು ಸುಲಭವೆಂದು ಮೇಲುನೋಟಕ್ಕೆ ತೋರುತ್ತದೆ. ಅದು ಎಷ್ಟು ಸೂಕ್ಷ್ಮವಾದ ವಿದ್ಯೆಯೆಂಬುದು ಒಳಹೊಕ್ಕು ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಗಣಕಯಂತ್ರದ ಸ್ಮೃತಿಯೆಂದರೆ ಒಂದರ ಪಕ್ಕದಲ್ಲೊಂದು ಸಾಲಾಗಿ ಇಟ್ಟ ಸಣ್ಣ ಸಣ್ಣ ಗೂಡುಗಳ ಬೃಹತ್ ಸಾಲು. ಪ್ರತಿಯೊಂದು ಗೂಡಿಗೂ ಒಂದು ಕ್ರಮಸಂಖ್ಯೆಯುಂಟು. ಅದೇ ಅದರ ವಿಳಾಸ. ಒಂದು ಗೂಡಿನಲ್ಲಿ ೦ ಯಿಂದ ೨೫೫ ರ ವರೆಗಿನ ಒಂದು ಸಂಖ್ಯೆಯನ್ನು ಇಡಬಹುದು. ಈ ಪ್ರಮಾಣದ ಮಾಹಿತಿಗೆ ಬೈಟು ಎಂದು ಹೆಸರು. ಅಕ್ಷರವಾಗಲಿ, ಸಂಗೀತವಾಗಲಿ, ಚಿತ್ರವಾಗಲಿ, ಸ್ಮೃತಿಯನ್ನು ಸೇರಬೇಕಾದರೆ ಬೈಟುಗಳಾಗಿಯೇ ಸೇರಬೇಕು. ಇಂದು ವ್ಯಾಪಕ ಬಳಕೆಯಲ್ಲಿರುವ ಯುಟಿಎಫ್-೮ ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ‘ಕ’ ಎಂಬ ಒಂದೇ ಅಕ್ಷರಕ್ಕೆ ಮೂರು ಬೈಟುಗಳು ಬೇಕು. ‘ಕಮಲದಳ’ ಎಂಬ ಐದಕ್ಷರದ ಪದಕ್ಕೆ ಹದಿನೈದು.

ಈ ಗೂಡುಗಳೊಡನೆ ನೇರವಾಗಿ ವ್ಯವಹರಿಸುವ ಸ್ವಾತಂತ್ರ್ಯವನ್ನು ಪ್ರೋಗ್ರಾಂ ಬರೆಯುವವರಿಗೆ ಕೊಡುವ ಭಾಷೆಗಳಲ್ಲಿ ‘ಸಿ’ ಎಂಬುದು ಪ್ರಸಿದ್ಧವಾದುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬ ವಿಜ್ಞಾನಿಯು ೧೯೭೨ರ ಸುಮಾರಿಗೆ ಇದನ್ನು ರೂಪಿಸಿದನು. ಯುನಿಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ೧೯೭೩ರಲ್ಲಿ ಈ ಭಾಷೆಯಲ್ಲಿಯೇ ಮತ್ತೆ ಬರೆಯಲಾಯಿತು. ಇತರ ಅನೇಕ ಭಾಷೆಗಳು ಪ್ರೋಗ್ರಾಂ ಬರೆಯುವವನನ್ನು ಮಗುವಿನಂತೆ ಕೈಹಿಡಿದು ನಡೆಸುತ್ತವೆ. ತನ್ನದಲ್ಲದ ಗೂಡಿಗೆ ಕೈಹಾಕಿದರೆ ಒಡನೆಯೇ ತಡೆಯುತ್ತವೆ. ಸಿ ಭಾಷೆಗೆ ಅಂತಹ ಮಮಕಾರವಿಲ್ಲ. ಹತ್ತು ಗೂಡುಗಳ ಒಡೆಯನಾದವನು ಹನ್ನೊಂದನೆಯ ಗೂಡಿನಲ್ಲಿ ಬರೆಯಹೊರಟರೆ ಅದು ಅಡ್ಡಿಮಾಡದು. ವೇಗಕ್ಕಾಗಿ ತೆತ್ತ ಬೆಲೆಯಿದು.

ಪದೇಪದೇ ಬೇಕಾಗುವ ಕೆಲಸಗಳನ್ನು ಒಬ್ಬೊಬ್ಬರೂ ಹೊಸದಾಗಿ ಬರೆದುಕೊಳ್ಳುವುದು ವ್ಯರ್ಥಶ್ರಮವೆಂದು ಸಿ ಭಾಷೆಯೊಡನೆ ಒಂದು ಸಿದ್ಧ ಭಂಡಾರವನ್ನೂ ಒದಗಿಸಲಾಗಿದೆ. ಇದರಲ್ಲಿರುವ ಒಂದೊಂದು ಉಪಕರಣಕ್ಕೂ ಫಂಕ್ಷನ್ ಎಂದು ಹೆಸರು. ಯಾವ ಫಂಕ್ಷನ್ ಏನು ಮಾಡಬೇಕು, ಏನನ್ನು ಮಾಡುವ ಹೊಣೆ ಅದರದಲ್ಲ ಎಂಬುದನ್ನೆಲ್ಲ ೧೯೮೯ರಲ್ಲಿ ಅಮೆರಿಕದ ಪ್ರಮಾಣಸಂಸ್ಥೆಯೂ ಮರುವರ್ಷ ಅಂತರರಾಷ್ಟ್ರೀಯ ಪ್ರಮಾಣಸಂಸ್ಥೆಯೂ ಲಿಖಿತರೂಪದಲ್ಲಿ ನಿಗದಿಪಡಿಸಿದವು. ಆ ಲಿಖಿತವು ಒಂದು ಕರಾರುಪತ್ರವಿದ್ದಂತೆ. ಭಂಡಾರವನ್ನು ಬರೆಯುವವರು ಒಂದು ಕಡೆ, ಬಳಸುವವರು ಇನ್ನೊಂದು ಕಡೆ. ನಡುವೆ ಈ ಪತ್ರ.

ಸ್ಮೃತಿಗೆ ಸಂಬಂಧಿಸಿದಂತೆ ಅದರಲ್ಲಿ ನಾಲ್ವರು ಮುಖ್ಯ ಪರಿಚಾರಕರಿದ್ದಾರೆ. ಮೆಮ್‌ಸೆಟ್ ಎಂಬುದು ಹೇಳಿದಷ್ಟು ಗೂಡುಗಳಲ್ಲಿ ಹೇಳಿದ ಒಂದೇ ಬೆಲೆಯನ್ನು ತುಂಬುತ್ತದೆ. ಮೆಮ್‌ಕಂಪ್ ಎಂಬುದು ಎರಡು ಸಾಲುಗಳನ್ನು ಬೈಟಿಗೆ ಬೈಟು ಹೋಲಿಸಿ, ಎರಡೂ ಒಂದೇ ಆಗಿದ್ದರೆ ಸೊನ್ನೆಯನ್ನೂ, ಮೊದಲನೆಯದು ದೊಡ್ಡದಾದರೆ ಧನಸಂಖ್ಯೆಯನ್ನೂ, ಚಿಕ್ಕದಾದರೆ ಋಣಸಂಖ್ಯೆಯನ್ನೂ ಉತ್ತರವಾಗಿ ಕೊಡುತ್ತದೆ. ಮೆಮ್‌ಕಾಪಿ ಮತ್ತು ಮೆಮ್‌ಮೂವ್ ಎಂಬೆರಡೂ ಒಂದು ಕಡೆಯ ಬೈಟುಗಳನ್ನು ಮತ್ತೊಂದು ಕಡೆಗೆ ಪ್ರತಿಮಾಡುತ್ತವೆ. ಒಂದೇ ಕೆಲಸಕ್ಕೆ ಇಬ್ಬರೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರವು ಒಂದು ಸಣ್ಣ ಉದಾಹರಣೆಯಲ್ಲಿದೆ.

ಏಳು ಗೂಡುಗಳ ಒಂದು ಸಾಲಿನಲ್ಲಿ, ಮೊದಲ ಐದರಲ್ಲಿ ‘ಕಮಲದಳ’ ಎಂಬ ಪದದ ಐದು ಅಕ್ಷರಗಳು ಗೂಡಿಗೊಂದರಂತೆ ಇವೆಯೆಂದು ಇಟ್ಟುಕೊಳ್ಳಬಹುದು. (ಅಕ್ಷರಕ್ಕೆ ಮೂರು ಬೈಟು ಬೇಕೆಂಬ ಮಾತನ್ನು ಇಲ್ಲಿ ಸೌಕರ್ಯಕ್ಕಾಗಿ ಮರೆಯಬೇಕು.) ಈ ಪದವನ್ನು ಎರಡು ಗೂಡುಗಳಷ್ಟು ಬಲಕ್ಕೆ ಸರಿಸಿ, ಮೂರರಿಂದ ಏಳರವರೆಗಿನ ಗೂಡುಗಳಲ್ಲಿ ಇಡಬೇಕಾಗಿದೆ. ಮೊದಲ ಅಕ್ಷರದಿಂದ ಆರಂಭಿಸಿದರೆ ‘ಕ’ ಮೂರನೆಯ ಗೂಡಿಗೆ ಹೋಗುತ್ತದೆ. ಅಲ್ಲಿದ್ದ ‘ಲ’ ಅಳಿಯುತ್ತದೆ. ‘ಮ’ ನಾಲ್ಕನೆಯದಕ್ಕೆ ಹೋಗುತ್ತದೆ. ಅಲ್ಲಿದ್ದ ‘ದ’ ಅಳಿಯುತ್ತದೆ. ಈಗ ಮೂರನೆಯ ಗೂಡಿನ ಅಕ್ಷರವನ್ನು ಐದನೆಯದಕ್ಕೆ ಒಯ್ಯುವ ಸರದಿ. ಆದರೆ ಅಲ್ಲಿ ‘ಲ’ ಎಲ್ಲಿದೆ? ಆಗಲೇ ಬಂದು ಕುಳಿತ ‘ಕ’ ಇದೆ. ಕೊನೆಗೆ ಉಳಿಯುವುದು ‘ಕಮಕಮಕ’ ಎಂಬ ಅರ್ಥವಿಲ್ಲದ ಶಬ್ದ. ಅದೇ ಕೆಲಸವನ್ನು ಕೊನೆಯ ಅಕ್ಷರದಿಂದ ಆರಂಭಿಸಿ ಹಿಂದಕ್ಕೆ ಬಂದರೆ ಒಂದು ಅಕ್ಷರವೂ ಕೆಡದೆ ‘ಕಮಲದಳ’ ತನ್ನ ಹೊಸ ಸ್ಥಾನವನ್ನು ಸೇರುತ್ತದೆ.

ಎಡಕ್ಕೆ ಸರಿಸುವಾಗ ಎಲ್ಲವೂ ತಿರುಗುಮುರುಗು. ಮೂರರಿಂದ ಏಳರವರೆಗೆ ಇರುವ ಪದವನ್ನು ಒಂದರಿಂದ ಐದಕ್ಕೆ ತರಬೇಕಾದರೆ ಮೊದಲಿನಿಂದ ಆರಂಭಿಸುವುದೇ ಸರಿ. ಕೊನೆಯಿಂದ ಹೊರಟರೆ ‘ಳದಳದಳ’ ಎಂದಾಗುತ್ತದೆ. ಹೀಗೆ ಮೂಲಸ್ಥಾನವೂ ಗುರಿಸ್ಥಾನವೂ ಒಂದರ ಮೇಲೊಂದು ಹಾಯ್ದಿರುವಾಗ ಯಾವ ತುದಿಯಿಂದ ಆರಂಭಿಸಬೇಕೆಂಬ ವಿವೇಕ ಬೇಕು. ಆ ವಿವೇಕವುಳ್ಳದ್ದು ಮೆಮ್‌ಮೂವ್. ಮೆಮ್‌ಕಾಪಿಗೆ ಅದರ ಹೊಣೆಯಿಲ್ಲ. ಎರಡು ಸ್ಥಾನಗಳೂ ಪ್ರತ್ಯೇಕವಾಗಿವೆ ಎಂದು ಬಳಸುವವನು ಖಾತರಿ ಕೊಟ್ಟರೆ ಮಾತ್ರ ತಾನು ಸರಿಯಾದ ಪ್ರತಿಯನ್ನು ಕೊಡುವೆನೆಂಬುದು ಅದರ ಕರಾರು. ಸ್ಥಾನಗಳು ಹಾಯ್ದಿದ್ದರೆ ಫಲವೇನೆಂಬುದನ್ನು ಪ್ರಮಾಣಪತ್ರವು ಹೇಳುವುದೇ ಇಲ್ಲ.

ಇನ್ನು ಪರೀಕ್ಷೆಯ ವಿಷಯ. ಇಡೀ ಪ್ರೋಗ್ರಾಮನ್ನು ಒಟ್ಟಾಗಿ ಓಡಿಸಿ ನೋಡುವುದು ಒಂದು ಬಗೆ. ಅದರ ಬಿಡಿಭಾಗವೊಂದನ್ನು ಪ್ರತ್ಯೇಕಿಸಿ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಅದಕ್ಕೆ ಕೇಳಿ, ಬಂದ ಉತ್ತರವನ್ನು ಹೋಲಿಸುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ಘಟಕ ಪರೀಕ್ಷೆಯೆಂದು ಹೆಸರು. ಪ್ರಶ್ನೆ ಕೇಳುವುದೂ ಉತ್ತರ ಹೋಲಿಸುವುದೂ ಒಂದು ಪ್ರೋಗ್ರಾಮಿನ ಕೆಲಸವೇ ಆದುದರಿಂದ, ಅದನ್ನು ಬೇಸರವಿಲ್ಲದೆ ಸಾವಿರ ಸಲ ಮರುಕಳಿಸಬಹುದು. ಬರೆದುದರಲ್ಲಿ ಏನಾದರೊಂದು ಬದಲಾವಣೆಯಾದಾಗಲೆಲ್ಲ ಪರೀಕ್ಷೆಗಳೆಲ್ಲವನ್ನೂ ಮತ್ತೆ ನಡೆಸುವುದು ಇಂದಿನ ರೂಢಿ.

ಮೆಮ್‌ಕಾಪಿಯನ್ನು ಪರೀಕ್ಷಿಸಹೊರಟ ಅನನುಭವಿಯು ಒಂದು ಪದವನ್ನು ಪ್ರತಿಮಾಡಿಸಿ, ಎರಡೂ ಕಡೆ ಅದೇ ಪದವಿದೆಯೆಂದು ಕಂಡು ತೃಪ್ತನಾಗುತ್ತಾನೆ. ಈ ಪರೀಕ್ಷೆಯಲ್ಲಿ ಎರಡು ತೂತುಗಳಿವೆ. ಒಂಬತ್ತು ಬೈಟುಗಳನ್ನು ಪ್ರತಿಮಾಡಬೇಕಾದ ಫಂಕ್ಷನ್ ಹತ್ತನ್ನು ಪ್ರತಿಮಾಡಿದ್ದರೆ? ಒಂಬತ್ತೂ ಸರಿಯಾಗಿಯೇ ಇರುತ್ತವೆ, ಪರೀಕ್ಷೆ ಉತ್ತೀರ್ಣ. ಆದರೆ ಪಕ್ಕದ ಗೂಡಿನಲ್ಲಿದ್ದ ಯಾರದೋ ಸ್ವತ್ತು ನಾಶವಾಗಿರುತ್ತದೆ. ಇನ್ನೊಂದು ತೂತು ಮತ್ತಷ್ಟು ವಿನೋದಕರವಾದುದು. ಗುರಿಸ್ಥಾನದಲ್ಲಿ ಮೊದಲೇ ಸೊನ್ನೆಗಳಿದ್ದು, ಸೊನ್ನೆಗಳನ್ನೇ ತುಂಬೆಂದು ಮೆಮ್‌ಸೆಟ್‌ಗೆ ಹೇಳಿದರೆ, ಏನನ್ನೂ ಮಾಡದೆ ಸುಮ್ಮನೆ ಕುಳಿತ ಸೋಮಾರಿ ಫಂಕ್ಷನ್ ಕೂಡ ಪೂರ್ಣ ಅಂಕ ಗಳಿಸುತ್ತದೆ!

ಆದುದರಿಂದ ನುರಿತ ಪರೀಕ್ಷಕರು ಆಟ ಆರಂಭವಾಗುವ ಮೊದಲೇ ಅಂಗಳವನ್ನು ಸಿದ್ಧಗೊಳಿಸುತ್ತಾರೆ. ಗುರಿಸ್ಥಾನವನ್ನೂ ಅದರ ಎರಡು ಪಕ್ಕದ ಗೂಡುಗಳನ್ನೂ ಒಂದು ಗೊತ್ತಾದ ಬೆಲೆಯಿಂದ, ಉದಾಹರಣೆಗೆ ೧೭೦ ರಿಂದ, ತುಂಬುತ್ತಾರೆ. ಮೂಲಸ್ಥಾನದ ಆಚೀಚೆ ಬೇರೊಂದು ಬೆಲೆಯನ್ನು, ಉದಾಹರಣೆಗೆ ೮೫ ನ್ನು, ಇಡುತ್ತಾರೆ. ದ್ವಿಮಾನ ಪದ್ಧತಿಯಲ್ಲಿ ಬರೆದಾಗ ೧೭೦ ರಲ್ಲಿ ಒಂದು ಇರುವಲ್ಲೆಲ್ಲ ೮೫ ರಲ್ಲಿ ಸೊನ್ನೆ, ಸೊನ್ನೆ ಇರುವಲ್ಲೆಲ್ಲ ಒಂದು ಬರುತ್ತದೆ. ಒಂದನ್ನು ಇನ್ನೊಂದೆಂದು ಭ್ರಮಿಸಲು ಎಡೆಯೇ ಇಲ್ಲ. ಅನಂತರ ಫಂಕ್ಷನ್ನನ್ನು ಕರೆದು, ಬೇಕಾದುದು ಬಂದಿದೆಯೇ ಎಂಬುದರ ಜೊತೆಗೆ ಪಕ್ಕದ ಕಾವಲು ಬೈಟುಗಳು ಅಲುಗದೆ ಇವೆಯೇ ಎಂಬುದನ್ನೂ ನೋಡುತ್ತಾರೆ. ಹೊಲದ ಬದುವಿನ ಮೇಲೆ ಬೂದಿ ಚೆಲ್ಲಿಟ್ಟು, ಬೆಳಿಗ್ಗೆ ಹೆಜ್ಜೆಯ ಗುರುತು ಇದೆಯೇ ಎಂದು ನೋಡುವ ಉಪಾಯದಂತೆ ಇದು.

ಬೂದಿಯ ಮೇಲೆ ಹೆಜ್ಜೆಯಿಟ್ಟವನು ಸಿಕ್ಕುತ್ತಾನೆ. ಬದುವಿನ ಆಚೆ ನಿಂತು ಇಣುಕಿ ನೋಡಿದವನು ಸಿಕ್ಕುವುದಿಲ್ಲ. ಫಂಕ್ಷನ್ ತನಗೆ ಸೇರದ ಗೂಡನ್ನು ಬರೆಯದೆ ಕೇವಲ ಓದಿದ್ದರೆ ಕಾವಲು ಬೈಟುಗಳಲ್ಲಿ ಯಾವ ಗುರುತೂ ಉಳಿಯದು. ಇದಕ್ಕೂ ಒಂದು ಹಂಚಿಕೆಯುಂಟು. ಕಾರ್ಯನಿರ್ವಹಣಾ ವ್ಯವಸ್ಥೆಯು ಸ್ಮೃತಿಯನ್ನು ಸಾಮಾನ್ಯವಾಗಿ ೪,೦೯೬ ಬೈಟುಗಳ ಪುಟಗಳಾಗಿ ವಿಂಗಡಿಸುತ್ತದೆ. ಒಂದು ಪುಟಕ್ಕೆ ಪ್ರವೇಶವನ್ನೇ ನಿಷೇಧಿಸುವಂತೆ ಅದನ್ನು ಕೇಳಿಕೊಳ್ಳಲು ಸಾಧ್ಯ. ಪರೀಕ್ಷಕರು ಮೂಲದ ಬೈಟುಗಳನ್ನು ಅಂತಹ ನಿಷಿದ್ಧ ಪುಟದ ಅಂಚಿಗೆ ತಾಗುವಂತೆ ಇಡುತ್ತಾರೆ. ಒಂದೇ ಒಂದು ಬೈಟಿನಷ್ಟು ಮುಂದಕ್ಕೆ ಕಣ್ಣು ಹಾಯಿಸಿದರೂ ಪ್ರೋಗ್ರಾಂ ಅಲ್ಲಿಯೇ ಕುಸಿದು ಬೀಳುತ್ತದೆ. ಲಿನಕ್ಸ್ ಗಣಕಗಳಲ್ಲಿ ಬಳಕೆಯಲ್ಲಿರುವ ಜಿ-ಲಿಬ್-ಸಿ ಎಂಬ ಭಂಡಾರದ ಪರೀಕ್ಷೆಗಳಲ್ಲಿ ಈ ಕ್ರಮವನ್ನು ಅನುಸರಿಸಲಾಗಿದೆ.

ಯಾವ ಯಾವ ಉದ್ದಗಳನ್ನು ಪರೀಕ್ಷಿಸಬೇಕು? ವೇಗವಾದ ಮೆಮ್‌ಕಾಪಿಯು ಬೈಟುಗಳನ್ನು ಒಂದೊಂದಾಗಿ ಒಯ್ಯುವುದಿಲ್ಲ. ಎಂಟೆಂಟಾಗಿ, ಹದಿನಾರರ ಕಟ್ಟಾಗಿ, ಮೂವತ್ತೆರಡರ ಕಟ್ಟಾಗಿ ಒಯ್ಯುತ್ತದೆ. ಬುಟ್ಟಿ ತುಂಬಿದಷ್ಟು ಕಾಲ ಕೆಲಸ ಸುಗಮ. ಕೊನೆಯಲ್ಲಿ ಬುಟ್ಟಿ ತುಂಬದೆ ಉಳಿಯುವ ಚಿಲ್ಲರೆಯೇ ತೊಡಕಿನದು. ಆದುದರಿಂದ ದೋಷಗಳು ಸಾಮಾನ್ಯವಾಗಿ ಅಡಗಿಕೊಳ್ಳುವುದು ೭, ೮, ೯ ರಲ್ಲಿ. ೧೫, ೧೬, ೧೭ ರಲ್ಲಿ. ೩೧, ೩೨, ೩೩ ರಲ್ಲಿ. ಸೊನ್ನೆಯನ್ನೂ ಮರೆಯುವಂತಿಲ್ಲ: ಸೊನ್ನೆ ಬೈಟುಗಳನ್ನು ಪ್ರತಿಮಾಡೆಂದರೆ ಒಂದು ಗೂಡನ್ನೂ ಮುಟ್ಟಕೂಡದು. ಇಷ್ಟಲ್ಲದೆ ಆರಂಭದ ವಿಳಾಸವು ಹದಿನಾರರ ಗುಣಕವಾಗಿದೆಯೇ, ಅದಕ್ಕಿಂತ ಒಂದು ಹೆಚ್ಚೇ, ಎರಡು ಹೆಚ್ಚೇ ಎಂಬುದರ ಮೇಲೆಯೂ ಫಂಕ್ಷನ್ನಿನ ನಡೆ ಬದಲಾಗುತ್ತದೆ. ಮೂಲಕ್ಕೆ ೧೬ ಬಗೆಯ ಆರಂಭ, ಗುರಿಗೆ ೧೬ ಬಗೆಯ ಆರಂಭ, ಉದ್ದ ೦ ಯಿಂದ ೬೪ ರ ವರೆಗೆ ಎಂದರೆ ಒಟ್ಟು ೧೬,೬೪೦ ಪರೀಕ್ಷೆಗಳು. ಮನುಷ್ಯನಿಗೆ ಇದು ತಿಂಗಳುಗಳ ಶಿಕ್ಷೆ. ಗಣಕಕ್ಕೆ ಕಣ್ಣು ಮಿಟುಕಿಸುವಷ್ಟರ ಕೆಲಸ.

ಸರಿಯುತ್ತರವನ್ನು ಹೇಳುವವರು ಯಾರು ಎಂಬುದು ಮತ್ತೊಂದು ಪ್ರಶ್ನೆ. ಪರೀಕ್ಷಕನು ಒಂದೊಂದೇ ಬೈಟನ್ನು ನಿಧಾನವಾಗಿ ಒಯ್ಯುವ, ನೋಡಿದೊಡನೆ ಸರಿಯೆಂದು ತಿಳಿಯುವ ಸರಳ ಪ್ರತಿಯೊಂದನ್ನು ತಾನೇ ಬರೆದು, ವೇಗದ ಫಂಕ್ಷನ್ನಿನ ಫಲವನ್ನು ಅದರ ಫಲದೊಡನೆ ಹೋಲಿಸುತ್ತಾನೆ. ಇಲ್ಲಿಯೂ ಒಂದು ಅಚ್ಚರಿ ಕಾದಿದೆ. ಸಿ ಭಾಷೆಯನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಇಂದು ಬಹಳ ಜಾಣ. ಅದು ಈ ಸರಳ ಪ್ರತಿಯನ್ನು ಓದಿ, ‘ಇದು ಮೆಮ್‌ಕಾಪಿಯ ಕೆಲಸವೇ ಅಲ್ಲವೇ’ ಎಂದುಕೊಂಡಂತೆ, ಅದರ ಜಾಗದಲ್ಲಿ ಮೆಮ್‌ಕಾಪಿಯನ್ನೇ ಕರೆಯುವ ಆಜ್ಞೆಯನ್ನು ಸೇರಿಸಿಬಿಡಬಹುದು! ಆಗ ಮೆಮ್‌ಕಾಪಿಯ ಉತ್ತರಪತ್ರಿಕೆಯನ್ನು ಮೆಮ್‌ಕಾಪಿಯೇ ತಿದ್ದಿದಂತಾಗುತ್ತದೆ. ಹೀಗೆ ಮಾಡಕೂಡದೆಂದು ಕಂಪೈಲರಿಗೆ ವಿಶೇಷವಾಗಿ ತಾಕೀತು ಮಾಡಬೇಕಾಗುತ್ತದೆ; ಜಿ-ಲಿಬ್-ಸಿಯ ಪರೀಕ್ಷೆಗಳಲ್ಲಿ ಅಂತಹ ತಾಕೀತುಗಳನ್ನು ಕಾಣಬಹುದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಪರೀಕ್ಷೆಗೆ ಸಿಕ್ಕದ ಒಂದು ಸಂಗತಿ ಉಳಿಯುತ್ತದೆ. ಅದು ಕರಾರನ್ನು ಓದದೆ ಅಭ್ಯಾಸವನ್ನು ನಂಬುವ ಮನುಷ್ಯಸ್ವಭಾವ. ೨೦೧೦ರಲ್ಲಿ ನಡೆದ ಒಂದು ಪ್ರಸಂಗವು ಇದನ್ನು ಚೆನ್ನಾಗಿ ತೋರಿಸುತ್ತದೆ. ಆ ವರ್ಷದ ನವೆಂಬರಿನಲ್ಲಿ ಫೆಡೋರಾ ೧೪ ಎಂಬ ಲಿನಕ್ಸ್ ವ್ಯವಸ್ಥೆ ಬಿಡುಗಡೆಯಾಯಿತು. ಅದನ್ನು ಬಳಸಿದ ಕೆಲವರಿಗೆ ಫ್ಲ್ಯಾಶ್ ಎಂಬ ಪ್ರೋಗ್ರಾಮಿನ ಮೂಲಕ ಕೇಳುವ ಸಂಗೀತವು ಕೀರಲು ಕೀರಲಾಗಿ ಕೇಳಿಸತೊಡಗಿತು. ಫ್ಲ್ಯಾಶ್ ಬದಲಾಗಿರಲಿಲ್ಲ. ಧ್ವನಿಯ ಯಂತ್ರವೂ ಬದಲಾಗಿರಲಿಲ್ಲ. ಬದಲಾಗಿದ್ದುದು ಜಿ-ಲಿಬ್-ಸಿಯಲ್ಲಿದ್ದ ಮೆಮ್‌ಕಾಪಿ.

ಕೆಲವು ಪ್ರೊಸೆಸರುಗಳಲ್ಲಿ ಹಿಂದಿನ ತುದಿಯಿಂದ ಪ್ರತಿಮಾಡಿದರೆ ವೇಗ ಹೆಚ್ಚೆಂದು ಕಂಡುಕೊಂಡು ಅದನ್ನು ಹಾಗೆ ಹೊಸದಾಗಿ ಬರೆಯಲಾಗಿತ್ತು. ಹೊಸ ಮೆಮ್‌ಕಾಪಿ ತನ್ನ ಕರಾರನ್ನು ಒಂದು ಕೂದಲೆಳೆಯಷ್ಟೂ ಮೀರಿರಲಿಲ್ಲ. ಆದರೆ ಫ್ಲ್ಯಾಶ್ ಬರೆದವರು ಧ್ವನಿಯ ಬೈಟುಗಳನ್ನು ಒಂದರ ಮೇಲೊಂದು ಹಾಯ್ದಿದ್ದ ಸ್ಥಾನಗಳ ನಡುವೆ ಸರಿಸಲು ಮೆಮ್‌ಮೂವ್ ಬಳಸಬೇಕಾದಲ್ಲಿ ಮೆಮ್‌ಕಾಪಿಯನ್ನು ಬಳಸಿದ್ದರು. ಹಳೆಯ ಮೆಮ್‌ಕಾಪಿ ಮೊದಲಿನಿಂದ ಆರಂಭಿಸುತ್ತಿದ್ದುದರಿಂದ ತಪ್ಪು ವರ್ಷಗಟ್ಟಲೆ ಬಯಲಿಗೆ ಬರಲಿಲ್ಲ. ಹೊಸತು ಕೊನೆಯಿಂದ ಆರಂಭಿಸಿದೊಡನೆ ‘ಕಮಲದಳ’ವು ‘ಳದಳದಳ’ವಾಯಿತು, ಸಂಗೀತವು ಕರ್ಕಶವಾಯಿತು.

ಲಿನಕ್ಸಿನ ಜನಕನಾದ ಲೀನಸ್ ಟೋರ್ವಾಲ್ಡ್ಸ್ ಕೂಡ ಈ ತೊಂದರೆಗೆ ಸಿಕ್ಕಿದವನೇ. ಅವನು ಮೊದಲಿನಿಂದ ಪ್ರತಿಮಾಡುವ ಮೆಮ್‌ಕಾಪಿಯೊಂದನ್ನು ಸ್ವತಃ ಬರೆದು, ಫ್ಲ್ಯಾಶ್ ಅದನ್ನೇ ಬಳಸುವಂತೆ ಮಾಡಿ ನೋಡಿದಾಗ ಧ್ವನಿ ತಿಳಿಯಾಯಿತು. ಅಲ್ಲಿಗೆ ಕಾರಣವೇನೋ ಸಿಕ್ಕಿತು. ತಪ್ಪು ಯಾರದೆಂಬ ವಾದ ಮಾತ್ರ ಬಹಳ ಬಿರುಸಾಗಿ ನಡೆಯಿತು. ಕರಾರನ್ನು ಮುರಿದವರು ಫ್ಲ್ಯಾಶ್ ಬರೆದವರು, ಭಂಡಾರವೇಕೆ ಬದಲಾಗಬೇಕು ಎಂದು ಒಂದು ಪಕ್ಷ. ಸಾಮಾನ್ಯ ಬಳಕೆದಾರನಿಗೆ ಪ್ರಮಾಣಪತ್ರದ ವಾಕ್ಯಗಳಿಂದ ಏನು ಪ್ರಯೋಜನ, ನಿನ್ನೆ ಕೇಳುತ್ತಿದ್ದ ಹಾಡು ಇಂದೂ ಕೇಳಬೇಕು ಎಂದು ಟೋರ್ವಾಲ್ಡ್ಸನ ಪಕ್ಷ. ಎರಡರಲ್ಲಿಯೂ ನ್ಯಾಯವಿತ್ತು, ಆದರೆ ತಪ್ಪು ಮಾಡದೆಯೇ ತೊಂದರೆ ಅನುಭವಿಸಿದವನು ಹಾಡು ಕೇಳುತ್ತಿದ್ದವನೊಬ್ಬನೇ ಎಂಬುದನ್ನು ಗಮನಿಸಿದರೆ ಎರಡನೆಯ ಪಕ್ಷದ ಕಡೆಗೆ ತಕ್ಕಡಿ ಕೊಂಚ ವಾಲುತ್ತದೆ. ೨೦೧೧ರಲ್ಲಿ ಬಂದ ಜಿ-ಲಿಬ್-ಸಿಯ ೨.೧೪ನೆಯ ಆವೃತ್ತಿಯಲ್ಲಿ ಒಂದು ಮಧ್ಯಮಮಾರ್ಗ ದೊರೆಯಿತು. ಹಳೆಯ ಪ್ರೋಗ್ರಾಂಗಳು ಮೆಮ್‌ಕಾಪಿಯನ್ನು ಕರೆದರೆ ಅವುಗಳಿಗೆ ಮೆಮ್‌ಮೂವ್‌ನಂತೆ ನಡೆಯುವ ಫಂಕ್ಷನ್ ಸಿಕ್ಕುತ್ತದೆ. ಹೊಸದಾಗಿ ಸಿದ್ಧಗೊಂಡವುಗಳಿಗೆ ವೇಗದ ಮೆಮ್‌ಕಾಪಿ ಸಿಕ್ಕುತ್ತದೆ. ಫ್ಲ್ಯಾಶ್ ೨೦೨೦ರ ಕೊನೆಯಲ್ಲಿ ತನ್ನ ಆಯುಸ್ಸನ್ನು ಮುಗಿಸಿತು.

ಹಾಡು ಕೆಟ್ಟರೆ ಬೇಸರವಷ್ಟೆ. ಬೀಗವೇ ಕೆಟ್ಟರೆ? ೨೦೧೨ರ ಜೂನ್ ತಿಂಗಳಿನಲ್ಲಿ ಮೈ-ಎಸ್‌ಕ್ಯೂಎಲ್ ಮತ್ತು ಮಾರಿಯಾ-ಡಿಬಿ ಎಂಬ ದತ್ತಾಂಶ ವ್ಯವಸ್ಥೆಗಳಲ್ಲಿ ಪ್ರಕಟವಾದ ದೋಷವು ಮೆಮ್‌ಕಂಪ್‌ನ ಉತ್ತರವನ್ನು ತಪ್ಪಾಗಿ ಅರಿತುಕೊಂಡುದರ ಫಲ. ಬಳಕೆದಾರನು ಕೊಟ್ಟ ಗುಪ್ತಪದದಿಂದ ಲೆಕ್ಕಹಾಕಿದ ೨೦ ಬೈಟುಗಳನ್ನು, ಮೊದಲೇ ಇಟ್ಟುಕೊಂಡಿದ್ದ ೨೦ ಬೈಟುಗಳೊಡನೆ ಮೆಮ್‌ಕಂಪ್ ಹೋಲಿಸುತ್ತಿತ್ತು. ಉತ್ತರ ಸೊನ್ನೆಯಾದರೆ ಬಾಗಿಲು ತೆರೆಯಬೇಕು. ಆದರೆ ಆ ಉತ್ತರವನ್ನು ಒಂದೇ ಬೈಟಿನ ಗೂಡಿನಲ್ಲಿ ಇಡಲಾಗುತ್ತಿತ್ತು. ದೊಡ್ಡ ಸಂಖ್ಯೆಯನ್ನು ಒಂದು ಬೈಟಿಗೆ ತುರುಕಿದರೆ ೨೫೬ ರಿಂದ ಭಾಗಿಸಿ ಉಳಿದ ಶೇಷದಷ್ಟು ಮಾತ್ರ ಅಲ್ಲಿ ನಿಲ್ಲುತ್ತದೆ. ಅಂದರೆ ೨೫೬, ೫೧೨, ೭೬೮ ಇವೆಲ್ಲವೂ ಅಲ್ಲಿ ಸೊನ್ನೆಯಾಗಿಬಿಡುತ್ತವೆ.

ಮೆಮ್‌ಕಂಪ್ ಎರಡು ಬೈಟುಗಳ ವ್ಯತ್ಯಾಸವನ್ನೇ ಉತ್ತರವಾಗಿ ಕೊಡುತ್ತಿದ್ದಷ್ಟು ಕಾಲ ಅಪಾಯವಿರಲಿಲ್ಲ. ವ್ಯತ್ಯಾಸವು ಎಂದಿಗೂ ೨೫೫ ನ್ನು ಮೀರದು. ಕರಾರು ಮಾತ್ರ ಹಾಗೆಂದು ಹೇಳಿಲ್ಲ. ಧನ, ಋಣ ಅಥವಾ ಸೊನ್ನೆ ಎಂದಷ್ಟೇ ಹೇಳಿದೆ. ಜಿ-ಲಿಬ್-ಸಿಯ ವೇಗದ ಮೆಮ್‌ಕಂಪ್ ದೊಡ್ಡ ಸಂಖ್ಯೆಗಳನ್ನೂ ಕೊಡುತ್ತಿತ್ತು. ಅದನ್ನು ಬಳಸುವಂತೆ ಸಿದ್ಧಪಡಿಸಿದ್ದ ಗಣಕಗಳಲ್ಲಿ, ಬಳಕೆದಾರನ ಹೆಸರು ಗೊತ್ತಿದ್ದವನು ತಪ್ಪು ಗುಪ್ತಪದವನ್ನೇ ಮತ್ತೆ ಮತ್ತೆ ಕೊಟ್ಟರೆ ಸರಾಸರಿ ೨೫೬ ಸಲಕ್ಕೊಮ್ಮೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಮನೆಯ ಬೀಗಕ್ಕೆ ಕಂಡ ಕಂಡ ಕೀಲಿಕೈಯನ್ನು ಹಾಕಿ ತಿರುಗಿಸುತ್ತ ಹೋದರೆ ಒಮ್ಮೆ ತೆರೆದೇ ತೆರೆಯುವುದೆಂದರೆ ಆ ಬೀಗದಿಂದ ಏನು ಭದ್ರತೆ? ತಪ್ಪು ಗುಪ್ತಪದವನ್ನು ಒಂದೇ ಸಲ ಕೊಟ್ಟು, ಬಾಗಿಲು ತೆರೆಯಲಿಲ್ಲವೆಂದು ಸಮಾಧಾನಪಡುವ ಪರೀಕ್ಷೆಯು ಈ ದೋಷವನ್ನು ಹಿಡಿಯುವ ಸಂಭವ ತೀರ ಕಡಿಮೆ. ಬೇಕೆಂದೇ ೨೫೬ ನ್ನು ಉತ್ತರವಾಗಿ ಕೊಡುವ ಒಂದು ಹುಸಿ ಮೆಮ್‌ಕಂಪನ್ನು ಬರೆದು ಜೋಡಿಸಿದ್ದರೆ ಮೊದಲನೆಯ ಸಲಕ್ಕೇ ಸಿಕ್ಕಿಬೀಳುತ್ತಿತ್ತು. ಕರಾರಿನಲ್ಲಿ ಅವಕಾಶವಿರುವ ಅತಿ ವಿಚಿತ್ರವಾದ ಉತ್ತರವನ್ನು ಕೊಡುವ ಇಂತಹ ಹುಸಿ ಪರಿಚಾರಕರನ್ನು ಸೃಷ್ಟಿಸುವುದು ಘಟಕ ಪರೀಕ್ಷೆಯ ಉಪಾಯಗಳಲ್ಲೊಂದು.

ಮೆಮ್‌ಸೆಟ್ ಎಲ್ಲಕ್ಕಿಂತ ಸರಳ. ತುಂಬಬೇಕಾದ ಬೆಲೆಯಾಗಿ ೩೦೦ ನ್ನು ಕೊಟ್ಟರೆ ಒಂದು ಬೈಟಿನಲ್ಲಿ ಹಿಡಿಸುವ ೪೪ ಮಾತ್ರ ತುಂಬಬೇಕೆಂಬುದನ್ನು ಪರೀಕ್ಷಿಸಿದರೆ ಬಹುಮಟ್ಟಿಗೆ ಮುಗಿಯಿತು. ಆದರೆ ಗುಪ್ತಪದವನ್ನು ಬಳಸಿಯಾದ ಮೇಲೆ ಆ ಗೂಡುಗಳಿಗೆ ಸೊನ್ನೆ ತುಂಬಿ ಅಳಿಸುವ ಕೆಲಸಕ್ಕೆ ಇದನ್ನು ನೆಚ್ಚುವಂತಿಲ್ಲ. ಮುಂದೆ ಯಾರೂ ಓದದ ಗೂಡಿಗೆ ಬರೆಯುವುದೇಕೆಂದು ಕಂಪೈಲರ್ ಆ ಆಜ್ಞೆಯನ್ನೇ ಕೈಬಿಡಬಹುದು. ಈ ಕಾರಣದಿಂದ, ಕೈಬಿಡಲಾಗದಂತೆ ಅಳಿಸುವ ಮೆಮ್‌ಸೆಟ್-ಎಕ್ಸ್‌ಪ್ಲಿಸಿಟ್ ಎಂಬ ಹೊಸ ಫಂಕ್ಷನ್ ೨೦೨೪ರಲ್ಲಿ ಪ್ರಕಟವಾದ ಸಿ ಭಾಷೆಯ ಪ್ರಮಾಣದಲ್ಲಿ ಸ್ಥಾನ ಪಡೆದಿದೆ.

ಪರಿಚಾರಕನು ನಿರ್ದೋಷಿಯಾಗಿದ್ದೂ ಯಜಮಾನನ ಅಜಾಗರೂಕತೆಯಿಂದ ಲೋಕವೇ ತಲ್ಲಣಿಸಿದ ಪ್ರಸಂಗ ನಡೆದದ್ದು ೨೦೧೪ರಲ್ಲಿ. ಅಂತರಜಾಲದಲ್ಲಿ ಗುಟ್ಟಾದ ಮಾಹಿತಿಯನ್ನು ರಕ್ಷಿಸಿ ಸಾಗಿಸಲು ಓಪನ್-ಎಸ್‌ಎಸ್‌ಎಲ್ ಎಂಬ ಭಂಡಾರವು ವ್ಯಾಪಕವಾಗಿ ಬಳಕೆಯಲ್ಲಿತ್ತು. ಸಂಪರ್ಕವು ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಗಣಕವು ಇನ್ನೊಂದಕ್ಕೆ ಸಣ್ಣ ಸಂದೇಶವೊಂದನ್ನು ಅದರ ಉದ್ದದೊಡನೆ ಕಳುಹಿಸುವುದು, ಅದು ಅದನ್ನೇ ಮರಳಿಸುವುದು ಎಂಬ ಸೌಲಭ್ಯವೊಂದು ೨೦೧೨ರ ಮಾರ್ಚಿನಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ಸೇರಿತು. ಇದಕ್ಕೆ ಹೃದಯಸ್ಪಂದನವೆಂಬ ಅರ್ಥದ ಹೆಸರನ್ನಿಡಲಾಗಿತ್ತು. ಸಂದೇಶವನ್ನು ಮರಳಿಸುವ ಗಣಕವು ಕಳುಹಿಸಿದವನು ಹೇಳಿದ ಉದ್ದವನ್ನು ಕಣ್ಣು ಮುಚ್ಚಿ ನಂಬಿ, ಅಷ್ಟು ಬೈಟುಗಳನ್ನು ಪ್ರತಿಮಾಡೆಂದು ಮೆಮ್‌ಕಾಪಿಗೆ ಹೇಳುತ್ತಿತ್ತು. ಒಂದೇ ಬೈಟನ್ನು ಕಳುಹಿಸಿ ‘ಇದು ೬೫,೫೩೫ ಬೈಟು’ ಎಂದು ಸುಳ್ಳು ಹೇಳಿದರೆ? ಮೆಮ್‌ಕಾಪಿ ವಿಧೇಯವಾಗಿ ಪಕ್ಕದ ಗೂಡುಗಳಲ್ಲಿದ್ದುದನ್ನೆಲ್ಲ ಬಾಚಿ ಕೊಡುತ್ತಿತ್ತು. ಅಲ್ಲಿ ಬೇರೆಯವರ ಗುಪ್ತಪದಗಳಿರಬಹುದು, ಪತ್ರಗಳಿರಬಹುದು, ರಹಸ್ಯ ಕೀಲಿಗಳೇ ಇರಬಹುದು.

ಗೂಗಲ್ ಸಂಸ್ಥೆಯ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೋಡೆನೋಮಿಕಾನ್ ಸಂಸ್ಥೆಯ ಎಂಜಿನಿಯರುಗಳು ಪರಸ್ಪರ ಅರಿವಿಲ್ಲದೆ ಇದನ್ನು ಪತ್ತೆಹಚ್ಚಿದರು. ೨೦೧೪ರ ಏಪ್ರಿಲ್ ೭ ರಂದು ದೋಷವನ್ನೂ ಅದರ ಪರಿಹಾರವನ್ನೂ ಪ್ರಕಟಿಸಲಾಯಿತು. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಕೆನಡಾ ದೇಶದ ತೆರಿಗೆ ಇಲಾಖೆಯ ಗಣಕದಿಂದ ಸುಮಾರು ೯೦೦ ಜನರ ಸಾಮಾಜಿಕ ವಿಮಾ ಸಂಖ್ಯೆಗಳು ಕಳವಾದವು. ಪರಿಹಾರವಾದರೋ ಕೆಲವೇ ಸಾಲುಗಳದ್ದು: ಹೇಳಿದ ಉದ್ದವು ನಿಜವಾಗಿ ಬಂದ ಬೈಟುಗಳಿಗಿಂತ ಹೆಚ್ಚಾಗಿದ್ದರೆ ಉತ್ತರವನ್ನೇ ಕೊಡದೆ ಸಂದೇಶವನ್ನು ಕೈಬಿಡುವುದು.

ಅನಂತರ ಈ ಭಾಗಕ್ಕಾಗಿಯೇ ಒಂದು ಘಟಕ ಪರೀಕ್ಷೆಯನ್ನು ಬರೆದು ಓಪನ್-ಎಸ್‌ಎಸ್‌ಎಲ್‌ಗೆ ಸೇರಿಸಲಾಯಿತು. ಅದು ಬೇಕೆಂದೇ ಸುಳ್ಳು ಉದ್ದವನ್ನು ಹೇಳುವ ಸಂದೇಶವೊಂದನ್ನು ಒಪ್ಪಿಸಿ, ಒಂದು ಬೈಟೂ ಮರಳಿ ಬರುವುದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುತ್ತಿತ್ತು. ತಿದ್ದುಪಡಿಗೆ ಮೊದಲಿನ ಆವೃತ್ತಿಯ ಮೇಲೆ ನಡೆಸಿದರೆ ಆ ಪರೀಕ್ಷೆ ಅನುತ್ತೀರ್ಣವಾಗುತ್ತಿತ್ತು. ತಿದ್ದಿದ ಆವೃತ್ತಿಯ ಮೇಲೆ ಉತ್ತೀರ್ಣವಾಗುತ್ತಿತ್ತು. ೨೦೧೮ರ ಸೆಪ್ಟೆಂಬರಿನಲ್ಲಿ ಬಂದ ೧.೧.೧ನೆಯ ಆವೃತ್ತಿಯಲ್ಲಿ ಹೃದಯಸ್ಪಂದನದ ಸೌಲಭ್ಯವನ್ನೇ ತೆಗೆದುಹಾಕಲಾಯಿತು.